ಹಾಗಲರಸವನ್ನು ನಾನು ಔಷಧದ ಲೆಕ್ಕಕ್ಕೆ ಹಿಡಿಯಲಿಲ್ಲ

ಸಿಂಧನೂರಿನಿಂದ ತಾವು ಕೇಳಿರುವ ಪ್ರಶ್ನೆಯನ್ನು ಓದಿದೆ. ತಾಯಿಯವರ ಸಕ್ಕರೆ ಕಾಯಿಲೆಗೆ ಹಾಗಲರಸ, ನೇರಳೆ ಬೀಜದ ಪುಡಿ, ಅಮೃತಬಳ್ಳಿಯ ಕಷಾಯ ಇವುಗಳಲ್ಲಿ ಯಾವುದು ಉತ್ತಮ, "ಹೇಗೂ ಅಡ್ಡಪರಿಣಾಮ ಇಲ್ಲದ ಕಾರಣ" ಮಾತ್ರೆಯ ಜೊತೆಗೇ ಆರಂಭಿಸಿ ಆಮೇಲೆ ಮಾತ್ರೆಯನ್ನು ಬಿಡಿಸಬಹುದೇ, ಹಣ್ಣನ್ನು ಪೂರ್ತಿ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ನಾಲ್ಕು ದಿನಗಳಿಂದ ರಸ ಕೊಡುತ್ತಿರುವುದಾಗಿಯೂ ಬರೆದಿದ್ದೀರಿ. ಆರು ವರ್ಷಗಳ ಹಿಂದೆ ನಾನು ಇದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕಂಡಕಂಡವರನ್ನೆಲ್ಲ ಕೇಳಿದ್ದೆ. ಎಲ್ಲರೂ ಉತ್ತರ ಕೊಟ್ಟರು. ಅಪ್ಪನನ್ನು ನೋಡುತ್ತಿದ್ದ ವೈದ್ಯರನ್ನು ಮಾತ್ರ ನಾನು ಕೇಳಲಿಲ್ಲ.

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ನಾನು ಇಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಬದುಕಿದವರು. 1953ರಲ್ಲಿ ತುಂಗಭದ್ರೆಯ ನೀರನ್ನು ಕಾಲುವೆಗೆ ಬಿಟ್ಟ ಮೇಲೆ ಈ ಭಾಗದ ಜೋಳದ ಹೊಲಗಳು ಒಂದೊಂದಾಗಿ ಗದ್ದೆಗಳಾದವು, ಹೊಲದ ಹಿಂದೆಯೇ ಊಟದ ಗಂಗಾಳವೂ ಬದಲಾಯಿತು. ಅಜ್ಜ ಎರಡು ಹೊತ್ತು ರೊಟ್ಟಿ ತಿಂದವರು, ಅಪ್ಪ ಮೂರು ಹೊತ್ತು ಅನ್ನ ಉಂಡವರು. ಅವರಿಗೆ 61ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಾಗ ಮನೆಯಲ್ಲಿ ಯಾರೂ ಬೆರಗಾಗಲಿಲ್ಲ, ಏಕೆಂದರೆ ನಮ್ಮ ಓಣಿಯಲ್ಲಿ ಅದು ಇಲ್ಲದ ಮನೆಯನ್ನೇ ಹುಡುಕಬೇಕಿತ್ತು. ಮೆಟ್‌ಫಾರ್ಮಿನ್, ಅದರ ಜೊತೆಗೆ 1 ಮಿಲಿಗ್ರಾಂ ಗ್ಲಿಮೆಪಿರೈಡ್ ಎಂಬ ಮಾತ್ರೆ, ಹೀಗೆ ಆರು ವರ್ಷ ನಡೆದಿತ್ತು.

ಹಾಗಲರಸ ಮನೆಗೆ ಬಂದದ್ದು ಬಂಧುಗಳ ಮದುವೆಯ ಪಂಕ್ತಿಯಲ್ಲಿ ಕೇಳಿಸಿಕೊಂಡ ಮಾತಿನಿಂದ. ಹಿತ್ತಲಲ್ಲಿ ಹೇಗೂ ಹಂದರವಿತ್ತು. ಅವ್ವ ನಸುಕಿನಲ್ಲಿ ಎರಡು ಕಾಯಿ ಕೊಯ್ದು, ಬೀಜ ತೆಗೆದು, ಮಿಕ್ಸಿಗೆ ಹಾಕಿ, ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಹಿಂಡುತ್ತಿದ್ದಳು. ಹಸಿರು ನೊರೆ ಸ್ಟೀಲ್ ಲೋಟದ ಅಂಚಿಗೆ ಅಂಟಿಕೊಂಡು, ಒಣಗಿದ ಮೇಲೆ ಬೂದಿ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಅಪ್ಪ ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿದು, ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಮೂರು ತಿಂಗಳಲ್ಲಿ ಬರಿಹೊಟ್ಟೆಯ ಸಕ್ಕರೆ 160ರಿಂದ 130ಕ್ಕೆ ಇಳಿಯಿತು. ಅದೇ ದಿನಗಳಲ್ಲಿ ಅವರು ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳುವುದನ್ನು ಬಿಟ್ಟಿದ್ದರು, ಕಾಲುವೆಯ ದಂಡೆಯ ಮೇಲೆ ನಡೆಯಲು ಆರಂಭಿಸಿದ್ದರು; ಆದರೆ ಹೆಸರು ಬಂದದ್ದು ಹಾಗಲಕ್ಕೆ.

ಬೇಸಿಗೆಯಲ್ಲಿ ಬಳ್ಳಿ ಒಣಗಿತು, ರಸ ನಿಂತಿತು. ಮೇ ತಿಂಗಳ ತಪಾಸಣೆಯಲ್ಲಿ ಸಕ್ಕರೆ ಮತ್ತೆ ಏರಿತ್ತು. ವೈದ್ಯರು ಚೀಟಿ ನೋಡಿ, "ಮಾತ್ರೆ ಸರಿಯಾಗಿ ತಗೋತಾರಾ?" ಎಂದರು. "ತಗೋತಾರ್ರೀ ಸರ್" ಎಂದೆ. "ಬೇರೆ ಔಷಧಿ ಏನಾದರೂ ಕೊಡ್ತಿದ್ದೀರಾ?" ಎಂದರು. "ಏನೂ ಇಲ್ರೀ" ಎಂದೆ. ಅವರು ಗ್ಲಿಮೆಪಿರೈಡ್ ಪ್ರಮಾಣವನ್ನು 2 ಮಿಲಿಗ್ರಾಂಗೆ ಏರಿಸಿದರು. ಮುಂಗಾರು ಬಂತು, ಅವ್ವ ಹೊಸ ಬೀಜ ಊರಿದಳು, ಆಗಸ್ಟ್ ಹೊತ್ತಿಗೆ ಕಾಯಿ ಬಿಟ್ಟಿತು, ಲೋಟ ಮತ್ತೆ ಹೊರಗೆ ಬಂತು.

ಆ "ಏನೂ ಇಲ್ರೀ" ಎಂಬ ಮಾತನ್ನು ನಾನು ವಿವರಿಸಲೇಬೇಕು, ಬೇಸರವಾದರೂ ಓದಿ. ನಾನು ಸುಳ್ಳು ಹೇಳಲಿಲ್ಲ. ವೈದ್ಯರು ಬೈದಾರೆಂದು ಮುಚ್ಚಿಡಲೂ ಇಲ್ಲ. ಔಷಧಿಯೆಂದರೆ ನನ್ನ ಮನಸ್ಸಿಗೆ ಬಂದದ್ದು ಮೆಡಿಕಲ್ ಅಂಗಡಿಯಿಂದ ತಂದ ಪಟ್ಟಿ ಅಥವಾ ಬಾಟಲಿ. ಹಿತ್ತಲಲ್ಲಿ ಬೆಳೆದು ಅಡುಗೆಮನೆಯಲ್ಲಿ ಹಿಂಡಿದ ಕಾಯಿಯ ರಸ ಆ ಪ್ರಶ್ನೆಯೊಳಗೆ ಬರುತ್ತದೆಂದೇ ನನಗೆ ಹೊಳೆಯಲಿಲ್ಲ. ಆದರೆ ಮನೆಯಲ್ಲಿ ನಾವು ಅದನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ನೋಡಿ: ದಿನವೂ ಅದೇ ಲೋಟ, ಅದೇ ಹೊತ್ತು, ಬರಿಹೊಟ್ಟೆ, ಒಂದು ದಿನ ತಪ್ಪಿದರೆ ಅವ್ವನ ಗದರಿಕೆ. ಊಟದ ಪದಾರ್ಥವನ್ನು ಯಾರೂ ಹಾಗೆ ಸೇವಿಸುವುದಿಲ್ಲ. ಮನೆಯೊಳಗೆ ಅದು ಔಷಧ, ವೈದ್ಯರ ಮೇಜಿನ ಮುಂದೆ ತರಕಾರಿ. ವೈದ್ಯರು ಏರಿಸಿದ ಆ ಒಂದು ಮಿಲಿಗ್ರಾಂ, ರಸ ನಿಂತ ತಿಂಗಳುಗಳ ಸಕ್ಕರೆಯನ್ನು ನೋಡಿ ಹಾಕಿದ ಲೆಕ್ಕ. ಆ ಲೆಕ್ಕದ ಮೇಲೆ ನಾವು ಅವರಿಗೆ ತಿಳಿಸದೆ ರಸವನ್ನು ಮತ್ತೆ ಸುರಿದೆವು. ಗಿರಣಿಯಲ್ಲಿ ಬರೆಯದೆ ಒಂದು ಚೀಲ ಒಳಗೆ ಬಂದರೂ ಸಂಜೆ ತಾಳೆಯಾಗುವುದಿಲ್ಲವೆಂದು ಹಮಾಲರ ಮೇಲೆ ಕೂಗಾಡುವ ಮನುಷ್ಯ ನಾನು, ತಿಳಿಯಿತೇ? ಅಪ್ಪನ ರಕ್ತದ ಲೆಕ್ಕದಲ್ಲಿ ಆರು ತಿಂಗಳ ರಸವನ್ನು ಬರೆಯದೆ ಬಿಟ್ಟೆ.

ಶ್ರಾವಣದ ಎರಡನೆಯ ಸೋಮವಾರ ಅಪ್ಪನ ಉಪವಾಸ. ಬೆಳಿಗ್ಗೆ ರಸ ಕುಡಿದರು. "ಊಟ ಬಿಟ್ಟರೂ ಮಾತ್ರೆ ಬಿಡಬಾರದು" ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು 2 ಮಿಲಿಗ್ರಾಂ ಮಾತ್ರೆಯನ್ನೂ ನುಂಗಿದರು. ಗ್ಲಿಮೆಪಿರೈಡ್ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹಿಂಡಿ ತೆಗೆಯುವ ಮಾತ್ರೆ. ನುಂಗಿದ ಎರಡು ಮೂರು ಗಂಟೆಗೆ ಅದರ ಮಟ್ಟ ರಕ್ತದಲ್ಲಿ ತುದಿಗೇರುತ್ತದೆ, ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಹನ್ನೊಂದು ಗಂಟೆಗೆ ಗುಡಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದವರು ಮೂರನೆಯ ಗುಂಡಿಯನ್ನು ಎರಡನೆಯ ಕಾಜಿಗೆ ಸೇರಿಸಲು ಮತ್ತೆ ಮತ್ತೆ ಯತ್ನಿಸುತ್ತಿದ್ದರು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವೆತಿದ್ದರು. ಸಹಾಯಕ್ಕೆ ಹೋದ ನನ್ನ ತಂಗಿಯ ಕೈಯನ್ನು ತಳ್ಳಿ, ಎಂದೋ ತೀರಿಹೋದ ಅತ್ತೆಯ ಹೆಸರಿನಿಂದ ಅವಳನ್ನು ಬೈದರು, ಆಮೇಲೆ ಕಟ್ಟೆಗೆ ಒರಗಿದರು. ಪಾರ್ಶ್ವವಾಯು ಎಂದೇ ನಾನು ಭಾವಿಸಿದೆ. ಪಕ್ಕದ ಮನೆಯವರು ಲಿಂಬೆ ಪಾನಕ ತಂದು ಬಾಯಿಗೆ ಸುರಿಯಲು ಬಂದರು. ಅರ್ಧ ಎಚ್ಚರ ತಪ್ಪಿದವರಿಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದು ನನಗಾಗ ಗೊತ್ತಿರಲಿಲ್ಲ, ಅಪ್ಪ ಹಲ್ಲು ಕಚ್ಚಿಕೊಂಡದ್ದರಿಂದ ಬಚಾವಾದೆವು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಮೀಟರ್ ತೋರಿಸಿದ್ದು 38. ಸಾಮಾನ್ಯವಾಗಿ 70ಕ್ಕಿಂತ ಕೆಳಗಿಳಿದರೇ ಎಚ್ಚರಿಕೆ, 54ಕ್ಕಿಂತ ಕೆಳಗೆ ಅಪಾಯ.

ನರಕ್ಕೆ ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಗಳಲ್ಲಿ ಅಪ್ಪ ಕಣ್ಣು ಬಿಟ್ಟು, "ಯಾಕ ಇಷ್ಟ ಮಂದಿ ಕೂಡೀರಿ?" ಎಂದರು. ಮನೆಗೆ ಕರೆದೊಯ್ಯುತ್ತೇನೆಂದೆ. ಕರ್ತವ್ಯದಲ್ಲಿದ್ದ ವೈದ್ಯೆ ಬಿಡಲಿಲ್ಲ. ಈ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದು, ವಯಸ್ಸಾದವರಲ್ಲಿ ಮೂತ್ರಪಿಂಡ ಸ್ವಲ್ಪ ನಿಧಾನವಾಗಿದ್ದರೆ ಅದರ ಪರಿಣಾಮ ಇನ್ನೂ ಉಳಿಯುತ್ತದೆ ಎಂದರು. ಹಾಗೆಯೇ ಆಯಿತು, ರಾತ್ರಿ ಎರಡು ಗಂಟೆಗೆ 58ಕ್ಕೆ ಬಂತು. ಆ ವೈದ್ಯೆ ನನ್ನನ್ನು ಕೇಳಿದ ಪ್ರಶ್ನೆ ಬೇರೆಯಾಗಿತ್ತು: "ಬೆಳಿಗ್ಗೆಯಿಂದ ಅವರ ಬಾಯಿಗೆ ಏನೇನು ಹೋಗಿದೆ, ನೀರನ್ನೂ ಸೇರಿಸಿ ಹೇಳಿ." ಹಾಗಲರಸ ಎಂಬ ಮಾತು ಮೊದಲ ಬಾರಿಗೆ ನನ್ನ ಬಾಯಿಂದ ಬಂದದ್ದು ಆಗಲೇ. ಎಷ್ಟು ಎಂದು ಕೇಳಿದರು. ಒಂದು ಲೋಟ ಎಂದೆ. ಎಂಥ ಲೋಟ, ನೀರು ಬೆರೆಸಿದ್ದೇ, ಎಳೆಯ ಕಾಯಿಯೇ, ಬಲಿತದ್ದೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಉಪವಾಸದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ರಸದ ಪಾಲೆಷ್ಟು ಎಂದು ಬೇರ್ಪಡಿಸಲು ಅವರಿಗೂ ಆಗದಂತೆ ನಾನು ಎಲ್ಲವನ್ನೂ ಕಲಸಿಟ್ಟಿದ್ದೆ.

ಆದ್ದರಿಂದ "ಅಡ್ಡಪರಿಣಾಮ ಇಲ್ಲ" ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಹಾಗಲಕ್ಕೆ ಸಕ್ಕರೆ ಇಳಿಸುವ ಶಕ್ತಿ ಇದೆ ಎಂದು ನಂಬುವುದಾದರೆ, ಅತಿಯಾಗಿ ಇಳಿಸುವ ಶಕ್ತಿಯೂ ಇದೆ ಎಂದು ನಂಬಲೇಬೇಕು. ಶಕ್ತಿಯೇ ಇಲ್ಲವೆಂದರೆ ಬೆಳಬೆಳಿಗ್ಗೆ ಆ ಕಹಿಯನ್ನು ತಾಯಿಗೆ ಕುಡಿಸುವುದೇಕೆ?

ನೇರಳೆಯ ಹಣ್ಣನ್ನು ಜೂನ್–ಜುಲೈನಲ್ಲಿ ಸಿಗುವಾಗ ಸಂತೋಷವಾಗಿ ತಿನ್ನಿಸಿ. ಒಂದು ಹಿಡಿ ತಿಂದು ನಾಲಿಗೆ ನೇರಳೆ ಬಣ್ಣವಾದರೆ ಯಾರಿಗೂ ಕೆಡುಕಿಲ್ಲ. ಬೀಜದ ಪುಡಿಯ ಮಾತು ಬೇರೆ. ಮನೆಯಲ್ಲೇ ಒಣಗಿಸಿ ಕುಟ್ಟಿದ್ದಾದರೂ ವೈದ್ಯರಿಗೆ ತಿಳಿಸಿ ಕೊಡಿ, ಜಾತ್ರೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ "ಶುಗರ್ ಪುಡಿ"ಯನ್ನು ಮಾತ್ರ ಖಂಡಿತ ತರಬೇಡಿ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂತಹ ಸಕ್ಕರೆ ಮಾತ್ರೆಯನ್ನೇ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಎರಡು ದಿನದಲ್ಲಿ ಗುಣ ಕಾಣಿಸಿತು ಎಂಬ ಹೊಗಳಿಕೆಯ ಗುಟ್ಟು ಕೆಲವೊಮ್ಮೆ ಅಷ್ಟೇ. ಅಮೃತಬಳ್ಳಿಯ ವಿಷಯದಲ್ಲಿ, ಕೊರೊನಾ ಕಾಲದಲ್ಲಿ ಅದನ್ನು ಸೇವಿಸಿದ ಆರು ಮಂದಿಯ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿಯಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ಆಕ್ಷೇಪಣೆಯೇ ನನ್ನನ್ನು ಹೆಚ್ಚು ಹೆದರಿಸುತ್ತದೆ. ತಿಳಿದವರೇ ಹೀಗೆ ವಾದಿಸುವಾಗ, ಬೇವಿನ ಮರಕ್ಕೆ ಹಬ್ಬಿದ ಹೃದಯಾಕಾರದ ಎಲೆಯನ್ನೆಲ್ಲ ಅಮೃತಬಳ್ಳಿಯೆಂದು ಕಿತ್ತು ತರುವ ನಮ್ಮ ಗತಿಯೇನು?

ಗಿಡಮೂಲಿಕೆಯೇ ಬೇಕು ಎಂಬ ಹಟ ನಿಮಗಿದ್ದರೆ ಒಂದು ಸಂಗತಿಯನ್ನು ತಿಳಿದಿರಿ. ಮೆಟ್‌ಫಾರ್ಮಿನ್ ಮಾತ್ರೆಯ ವಂಶ ಹುಡುಕುತ್ತಾ ಹೋದರೆ ಗ್ಯಾಲಿಗಾ ಎಂಬ ಯುರೋಪಿನ ಗಿಡ ಸಿಗುತ್ತದೆ. ಆ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶವಿತ್ತು, ಹಾಗೆಯೇ ಬಳಸಿದರೆ ವಿಷವೂ ಆಗಿತ್ತು. ಅದರ ಬಂಧುವಾದ ಮೆಟ್‌ಫಾರ್ಮಿನ್ ಎಂಬ ರಾಸಾಯನಿಕವನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಅಳತೆ ಗೊತ್ತಿರುವುದೇ ಅದರ ಹೆಚ್ಚುಗಾರಿಕೆ. ನಮ್ಮ ಲೋಟದಲ್ಲಿ ಇಲ್ಲದಿದ್ದದ್ದೂ ಅದೇ.

ಹಣ್ಣನ್ನು ಪೂರ್ತಿ ಬಿಡಿಸಬೇಡಿ. ನಮ್ಮ ಮನೆಯಲ್ಲಿ ಮೊದಲು ಹಣ್ಣು ಬಿಡಿಸಿ ಅನ್ನವನ್ನು ಹಾಗೆಯೇ ಇಟ್ಟಿದ್ದೆವು, ಅಂಥ ಮೂರ್ಖತನ ಬೇರೊಂದಿಲ್ಲ. ಪೇರಲ 100 ಗ್ರಾಂನಲ್ಲಿ ಸುಮಾರು 5 ಗ್ರಾಂ ನಾರು ಕೊಡುತ್ತದೆ. ನಮ್ಮ ಕಡೆ ಅಗ್ಗವಾಗಿಯೂ ಸಿಗುತ್ತದೆ, ಸಿಪ್ಪೆ ಸಮೇತ ಒಂದು ತಿನ್ನಲಿ. ಪಪ್ಪಾಯಿ ನಾಲ್ಕು ಹೋಳು ಸರಿ. ಮಾವಿನ ಕಾಲದಲ್ಲಿ ಕೊಪ್ಪಳದ ಕೇಸರ್ ಎದುರಿಗಿಟ್ಟುಕೊಂಡು ಬೇಡವೆನ್ನುವುದು ಶಿಕ್ಷೆ. ಆ ಹೊತ್ತಿನ ಅನ್ನ ಕಡಿಮೆ ಮಾಡಿ ಎರಡು ಹೋಳು ಕೊಡಿ. ಸೀತಾಫಲ, ಚಿಕ್ಕು ಅಪರೂಪಕ್ಕೆ ಮತ್ತು ಅರ್ಧ. ಬಳ್ಳಾರಿಯ ಕಡೆಯಿಂದ ತರುವ ಒಣ ಅಂಜೂರ ಆರೋಗ್ಯಕ್ಕೆ ಒಳ್ಳೆಯದೆಂದು ಹಿಡಿಗಟ್ಟಲೆ ತಿನ್ನಿಸುವವರಿದ್ದಾರೆ. ಒಣಗಿದ ಮೇಲೆ ಅದರ ತೂಕದ ಸುಮಾರು ಅರ್ಧದಷ್ಟು ಸಕ್ಕರೆಯೇ. ಹಣ್ಣಿನ ರಸ ಮಾತ್ರ ಬೇಡ, ಸಕ್ಕರೆ ಕಡಿಮೆಯಾಗಿ ಕೈಕಾಲು ನಡುಗಿದಾಗ ಹೊರತು. ಆಗ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಅಪ್ಪನಿಗೆ ಈಗ ಗ್ಲಿಮೆಪಿರೈಡ್ ಇಲ್ಲ, ಬೇರೆ ಮಾತ್ರೆಗೆ ಬದಲಿಸಿದ್ದಾರೆ. ಅವ್ವ ಹಂದರವನ್ನು ಕಿತ್ತಿಲ್ಲ. ವಾರಕ್ಕೆರಡು ದಿನ ಗುರೆಳ್ಳು ಪುಡಿ ಹಾಕಿ ಹಾಗಲ ಪಲ್ಯ ಮಾಡುತ್ತಾಳೆ, ಜೋಳದ ರೊಟ್ಟಿಯ ಜೊತೆ ಅಪ್ಪ ಉಣ್ಣುತ್ತಾರೆ. "ರಸದ್ದೇನೂ ತಪ್ಪಿರಲಿಲ್ಲ, ಉಪಾಸ ಮಾಡಿದ್ದು ತಪ್ಪಾತು" ಎಂದು ಇಂದಿಗೂ ವಾದಿಸುತ್ತಾರೆ, ನಾನು ಎದುರಾಡುವುದಿಲ್ಲ.

ತಾಯಿಯವರ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಇವತ್ತೇ ಪಟ್ಟಿಯ ಹಿಂಬದಿಯನ್ನು ತಿರುವಿ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ, ಇವೆಲ್ಲ ಇನ್ಸುಲಿನ್ ಹಿಂಡಿ ತೆಗೆಯುವ ಒಂದೇ ಜಾತಿಯ ಮಾತ್ರೆಗಳು. ಇದ್ದರೆ ನಾಳೆ ಬೆಳಿಗ್ಗೆ ರಸ ಹಿಂಡಬೇಡಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ. ಪಟ್ಟಿಯನ್ನೂ ರಸ ಕುಡಿಯುವ ಲೋಟವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ.