ಪ್ರತಿಕ್ರಿಯೆ: ಬ್ಯಾಂಕಿನ ಜಗಳ ಮತ್ತು ಜೇ ಒಪ್ಪಂದ
ವಾಷಿಂಗ್ಟನ್ನರ ಕಾಲದ ಅಮೆರಿಕದಲ್ಲಿ ಪಕ್ಷಭೇದಕ್ಕೆ ರಾಷ್ಟ್ರೀಯ ಬ್ಯಾಂಕಿನ ಜಗಳ ಕಾರಣವೋ, ವಿದೇಶಾಂಗ ನೀತಿಯೋ ಎಂದು ತಾವು ಕೇಳಿದ್ದೀರಿ. ಬಿರುಕು ಎದ್ದುಕಂಡದ್ದು ಹಣಕಾಸು ಕಾರ್ಯದರ್ಶಿ ಹ್ಯಾಮಿಲ್ಟನ್ ಮುಂದಿಟ್ಟು, ಜೆಫರ್ಸನ್ ಮತ್ತು ಮ್ಯಾಡಿಸನ್ ವಿರೋಧಿಸಿದ 1791ರ ಬ್ಯಾಂಕಿನ ವಿಚಾರದಲ್ಲೇ ಆದರೂ, ಅದು ಸಾಮಾನ್ಯ ಮತದಾರರವರೆಗೆ ಇಳಿದದ್ದು ಬ್ರಿಟನ್ನಿನೊಂದಿಗೆ ಯುದ್ಧ ತಪ್ಪಿಸಲು ಮಾಡಿಕೊಂಡ 1794ರ ಜೇ ಒಪ್ಪಂದದಿಂದ ಎಂಬುದು ನನ್ನ ಅಭಿಪ್ರಾಯ. ಸರ್ಕಾರದ ವರಮಾನದ ಬಹುಪಾಲು ಆಮದು ಸುಂಕದಿಂದ, ಅದರಲ್ಲೂ ಬ್ರಿಟಿಷ್ ಸರಕುಗಳ ಮೇಲಿನ ಸುಂಕದಿಂದ ಬರುತ್ತಿದ್ದ ಕಾರಣ, ಆ ದೇಶದೊಡನೆ ಯುದ್ಧವಾದರೆ ತಾವು ಕಟ್ಟಿದ ಹಣಕಾಸು ವ್ಯವಸ್ಥೆಯೇ ಕುಸಿಯುತ್ತದೆಂದು ಹ್ಯಾಮಿಲ್ಟನ್ ಅಂಜಿದ್ದರು. ಹಾಗಾಗಿ ಬ್ಯಾಂಕಿನ ಜಗಳವನ್ನೂ ವಿದೇಶಾಂಗ ನೀತಿಯನ್ನೂ ಬೇರ್ಪಡಿಸಿ ನೋಡುವುದೇ ಕಷ್ಟ. ಜೆಫರ್ಸನ್ ಮತ್ತು ಮ್ಯಾಡಿಸನ್ನರಿಗಾದರೋ ಬ್ರಿಟಿಷ್ ವ್ಯಾಪಾರದ ಮೇಲಿನ ಅದೇ ಅವಲಂಬನೆ ಗಣರಾಜ್ಯಕ್ಕೆ ಅಪಾಯವಾಗಿ ಕಂಡಿತು. ಸೆನೆಟ್ 1795ರಲ್ಲಿ ಒಪ್ಪಂದವನ್ನು 20–10 ಮತಗಳಿಂದ, ಅಂದರೆ ಅಗತ್ಯವಿದ್ದ ಮೂರನೇ ಎರಡರಷ್ಟಕ್ಕಿಂತ ಒಂದೂ ಹೆಚ್ಚಿಲ್ಲದಂತೆ, ಅನುಮೋದಿಸಿತು. ಮರುವರ್ಷ ಅದರ ಜಾರಿಗೆ ಹಣ ಒದಗಿಸುವ ನಿರ್ಣಯ ಪ್ರತಿನಿಧಿ ಸಭೆಯಲ್ಲಿ 51–48 ಮತಗಳಿಂದ ಹೇಗೋ ಪಾರಾಯಿತು.