ಹೆಣದ ಪಾತ್ರ ಮಾಡಿದವರು ಉಸಿರಾಡಲಿಲ್ಲವೇ?

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಉದ್ದದ ಕಾಗದ ಬರೆದಿದ್ದಾರೆ. ಮಗಳ ಮನೆಗೆ ಹೋದಾಗ ಜಪಾನಿನ ‘ಡಿಪಾರ್ಚರ್ಸ್’ ಸಿನಿಮಾ ನೋಡಿದರಂತೆ. ಕೆಲಸ ಕಳೆದುಕೊಂಡ ಚೆಲೊ ವಾದಕನೊಬ್ಬ ಹೆಂಡತಿಯ ಜೊತೆ ಹುಟ್ಟೂರಿಗೆ ಮರಳುತ್ತಾನೆ. ಟ್ರಾವೆಲ್ ಏಜೆನ್ಸಿ ಇರಬೇಕು ಅಂದುಕೊಂಡು ಒಂದು ಜಾಹೀರಾತಿನ ಬೆನ್ನು ಹತ್ತುತ್ತಾನೆ. ಸೇರಿಕೊಳ್ಳುವುದು ಮಾತ್ರ ತೀರಿಕೊಂಡವರನ್ನು ಸಿಂಗರಿಸಿ ಪೆಟ್ಟಿಗೆಯಲ್ಲಿ ಮಲಗಿಸುವ ಕೆಲಸಕ್ಕೆ. ಇದು ಕಥೆ. ಮೇಷ್ಟ್ರ ಪ್ರಶ್ನೆಗಳು ಮೂರು. ಆ ಕೈಚಳಕವನ್ನೆಲ್ಲ ನಟರೇ ಮಾಡಿದ್ದಾ? ಯಜಮಾನನ ಪಾತ್ರದವರು ನಿಜವಾಗಿಯೂ ಆ ಕಸುಬಿನವರೇ ಇರಬೇಕಲ್ವಾ? ಹೆಣವಾಗಿ ಮಲಗಿದವರ ಎದೆ ಒಂಚೂರೂ ಏರಿಳಿಯಲಿಲ್ಲವಲ್ಲ, ಅದು ಹೇಗೆ? ಕೊನೆಗೆ ಒಂದು ಬೇಸರವನ್ನೂ ತೋಡಿಕೊಂಡಿದ್ದಾರೆ: ‘ಸಾವಿರಾರು ವರ್ಷದ ಸಂಪ್ರದಾಯವನ್ನು ಅವರು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ, ನಾವು ನೋಡಿ.’

ಮೇಷ್ಟ್ರೇ, ನಮಸ್ಕಾರ.

ಮೊದಲನೆಯದಕ್ಕೆ ಉತ್ತರ ಹೌದು. ನಾಯಕ ಮಸಾಹಿರೊ ಮೊತೊಕಿ ಆ ಕೆಲಸವನ್ನು ಕಸುಬಿನವರಿಂದಲೇ ಕಲಿತರು. ತೀರಿಕೊಂಡ ಮಹಿಳೆಯೊಬ್ಬರನ್ನು ಸಿದ್ಧಪಡಿಸುವಾಗ ಜೊತೆಗೆ ಕೂತು ಕೈಜೋಡಿಸಿದರು. ಆಮೇಲೆ ತಮ್ಮ ಮ್ಯಾನೇಜರನ್ನೇ ಮಲಗಿಸಿಕೊಂಡು ಅಭ್ಯಾಸ ಮಾಡಿದರು. ಪಾಪ, ಸಿನಿಮಾ ನಟರ ಮ್ಯಾನೇಜರುಗಳಿಗೆ ಏನೇನು ಕೆಲಸ ಬರುತ್ತದೋ! ಜೊತೆಗೆ ಚೆಲೊ ನುಡಿಸುವುದನ್ನೂ ಕಲಿಯಬೇಕಾಯಿತು. ಜೋ ಹಿಸೈಶಿ ಇಡೀ ಸಂಗೀತವನ್ನು ಚೆಲೊ ಸುತ್ತಲೇ ಕಟ್ಟಿದ್ದರು. ಚಿತ್ರೀಕರಣದ ವೇಳೆ ಅದನ್ನು ಸೆಟ್‌ನಲ್ಲಿ ಕೇಳಿಸುತ್ತಿದ್ದರಂತೆ.

ಆ ಕೆಲಸದ ಕಷ್ಟ ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಒಂದು ದೃಶ್ಯವನ್ನು ಮತ್ತೆ ಹಾಕಿ, ಅವರ ಕೈ ಮಾತ್ರ ನೋಡಿ. ಎದುರಿಗೆ ಮನೆಯವರು ಸಾಲಾಗಿ ಕೂತಿದ್ದಾರೆ. ಹೆಣದ ಮೇಲೊಂದು ಹೊದಿಕೆ. ಅದರ ಅಡಿಯಲ್ಲೇ ಕೈ ಆಡಿಸಿ ಮೈ ಒರೆಸಬೇಕು, ಉಟ್ಟಿದ್ದನ್ನು ತೆಗೆಯಬೇಕು, ಬಿಳಿ ಬಟ್ಟೆ ತೊಡಿಸಬೇಕು. ಮೈ ಚೂರೂ ಕಾಣಬಾರದು. ಬದುಕಿರುವವರು ಕಿಮೊನೊದ ಎಡ ಅಂಚನ್ನು ಮೇಲೆ ತಂದು ಉಡುತ್ತಾರೆ. ಸತ್ತವರಿಗೆ ಬಲ ಅಂಚು ಮೇಲೆ ಬರಬೇಕು. ನಮ್ಮಲ್ಲಿ ಅಪರಕರ್ಮಕ್ಕೆ ಜನಿವಾರ ತಿರುವಿ ಹಾಕಿಕೊಳ್ಳುವ ಹಾಗೆ. ಇದೆಲ್ಲ ಅವಸರವಿಲ್ಲದೆ, ತಡವರಿಸದೆ ನಡೆಯಬೇಕು. ಜಪಾನಿನ ಚಹಾ ವಿಧಿಯಲ್ಲಿ ಕೈ ಆಡುವ ರೀತಿಯನ್ನೇ ಇಲ್ಲೂ ಕಂಡೆ ಅಂತ ಮೊತೊಕಿ ಹೇಳಿದ್ದಾರೆ.

ಎರಡನೇ ಪ್ರಶ್ನೆಗೆ ಉತ್ತರ ಕೇಳಿ ನೀವು ನಗುತ್ತೀರಿ. ಯಜಮಾನನಾಗಿ ಕಾಣಿಸಿಕೊಂಡವರು ತ್ಸುತೊಮು ಯಾಮಾಝಾಕಿ. ಜಪಾನಿನ ಹಿರಿಯ ನಟ. ಆ ಕಸುಬಿಗೂ ಅವರಿಗೂ ಏನೂ ಸಂಬಂಧವಿಲ್ಲ. ಇನ್ನೂ ಹೇಳಬೇಕೆಂದರೆ, ಅವರು ತರಬೇತಿಗೆ ಹೋಗಲೇ ಇಲ್ಲ! ಶಿಷ್ಯ ಬೆವರು ಹರಿಸಿ ಕಲಿತ, ಗುರು ಸುಮ್ನೆ ಬಂದು ಕೂತರು. ಆದರೂ ನಿಮ್ಮಂಥವರ ಕಣ್ಣಿಗೆ ಗುರುವೇ ಅಸಲಿ ಕಸುಬುದಾರನಾಗಿ ಕಂಡರು. ಮೊತೊಕಿಯ ಕೈಯಲ್ಲಿ ಕಲಿತವನ ಎಚ್ಚರ ಕಾಣುತ್ತದೆ. ಯಾಮಾಝಾಕಿಯ ಕೂರುವ ಭಂಗಿಯಲ್ಲಿ, ತಣ್ಣನೆಯ ಮುಖದಲ್ಲಿ ಇದೆಲ್ಲ ನೋಡಿ ನೋಡಿ ಸಾಕಾದವನ ನಿರಾಳ ಕಾಣುತ್ತದೆ. ಪಾತ್ರಗಳಿಗೂ ಅದೇ ಬೇಕಿತ್ತು.

ಇನ್ನು ಹೆಣದ ವಿಷಯ. ಸಿನಿಮಾ ನೋಡದವರು ಈ ಪ್ಯಾರಾ ದಾಟಿ ಮುಂದೆ ಹೋಗಿ. ಅಲುಗಾಡದೆ ಮಲಗಬಲ್ಲವರು ಯಾರು ಅಂತ ತುಂಬಾ ಜನರನ್ನು ನೋಡಿ, ಅಳೆದು ತೂಗಿ ಆರಿಸಿದರು. ನಟನೆ ಬರಬೇಕಾಗಿರಲಿಲ್ಲ, ಮಲಗಲು ಬರಬೇಕಿತ್ತು. ಸಮಸ್ಯೆಯಾದದ್ದು ಸ್ನಾನಗೃಹ ನಡೆಸುವ ಅಜ್ಜಿಯ ವಿಷಯದಲ್ಲಿ. ಆಕೆಯನ್ನು ಪ್ರೇಕ್ಷಕರು ಬದುಕಿದ್ದಾಗಲೂ ನೋಡಿರುತ್ತಾರೆ, ಬೇರೆಯವರನ್ನು ಮಲಗಿಸುವ ಹಾಗಿಲ್ಲ. ಅವರನ್ನೇ ಹೋಲುವ ಇನ್ನೊಬ್ಬರನ್ನು ಹುಡುಕಿದರು, ಸಿಗಲಿಲ್ಲ. ಕೊನೆಗೆ ಆ ನಟಿಯ ಒಂದು ಸ್ಥಿರಚಿತ್ರವನ್ನು ಕಂಪ್ಯೂಟರಿನಲ್ಲಿ ದೃಶ್ಯದೊಳಗೆ ಕೂರಿಸಿದರು. ನಿಮ್ಮನ್ನು ಅಳಿಸಿದ ಆ ಮುಖ ಉಸಿರಾಡದೇ ಇದ್ದದ್ದಕ್ಕೆ ಇದೇ ಕಾರಣ, ಮೇಷ್ಟ್ರೇ.

ನಿಮ್ಮ ಕೊನೆಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಸತ್ತವರ ಮೈ ತೊಳೆದು, ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವುದು ಅಲ್ಲಿ ಹಳೆಯದೇ. ಆದರೆ ಅದನ್ನು ಮಾಡುತ್ತಿದ್ದವರು ಮನೆಯವರು, ನೆರೆಹೊರೆಯವರು. ನೀವು ನೋಡಿದ ಹಾಗೆ ಕರೆದರೆ ಬಂದು, ದುಡ್ಡು ತೆಗೆದುಕೊಂಡು ಮಾಡಿಕೊಡುವ ಕಸುಬು ಇತ್ತೀಚಿನದು. 1954ರ ಸೆಪ್ಟೆಂಬರಿನಲ್ಲಿ ಹೊಕ್ಕೈಡೊದ ಹಕೊದಾತೆ ಬಳಿ ಚಂಡಮಾರುತಕ್ಕೆ ಸಿಕ್ಕಿ ‘ತೋಯಾ ಮಾರು’ ಎಂಬ ಹಡಗು ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ದಡಕ್ಕೆ ಬಂದ ಹೆಣಗಳನ್ನು ಮನೆಯವರು ನೋಡುವಂತೆ ಮಾಡುವ ಕೆಲಸಕ್ಕೆ ಸ್ಥಳೀಯರು ನಿಂತರು. ತಮ್ಮ ಕಸುಬು ಶುರುವಾದದ್ದೇ ಅಲ್ಲಿಂದ ಎಂದು ಈ ವೃತ್ತಿಯವರು ಹೇಳಿಕೊಳ್ಳುತ್ತಾರೆ. ಅಂದರೆ ವಯಸ್ಸಿನಲ್ಲಿ ಅದು ನಿಮಗಿಂತ ದೊಡ್ಡದೇನಲ್ಲ.

ಹಾಗಾದರೆ ಆ ಸಿನಿಮಾದಲ್ಲಿ ನಿಜವಾಗಿ ಹಳೆಯದು ಯಾವುದು? ಮೈಲಿಗೆ. ಗಂಡನ ಕೆಲಸ ಗೊತ್ತಾದಾಗ ಹೆಂಡತಿ ‘ಮುಟ್ಟಬೇಡ’ ಅಂತ ಹಿಂದೆ ಸರಿಯುತ್ತಾಳಲ್ಲ, ಅದು ಬರೀ ಕಥೆಯಲ್ಲ. ಸಿನಿಮಾಕ್ಕೆ ಪ್ರೇರಣೆ ಶಿನ್ಮೊನ್ ಆವೊಕಿ ಎಂಬವರು 1993ರಲ್ಲಿ ಪ್ರಕಟಿಸಿದ ಆತ್ಮಕಥನ. ತೊಯಾಮಾ ಪ್ರಾಂತ್ಯದ ಅವರು ಕವಿ. ವ್ಯಾಪಾರದಲ್ಲಿ ಸೋತು ಹೊಟ್ಟೆಪಾಡಿಗೆ ಈ ಕೆಲಸ ಹಿಡಿದವರು. ಹೆಂಡತಿ ಅವರನ್ನು ಹತ್ತಿರ ಸೇರಿಸಲಿಲ್ಲ. ಮನೆತನದ ಮಾನ ಕಳೆದೆ ಅಂತ ಚಿಕ್ಕಪ್ಪನೊಬ್ಬ ಬೈದ. ಇದೆಲ್ಲ ಅವರ ಪುಸ್ತಕದಲ್ಲೇ ಇದೆ.

ಮೊತೊಕಿಗೆ ಆ ಪುಸ್ತಕ ಸಿಕ್ಕಿದ ದಾರಿ ನಮ್ಮ ದೇಶದ ಮೂಲಕ ಹೋಗುತ್ತದೆ. ಹುಡುಗರ ಹಾಡಿನ ತಂಡದಲ್ಲಿ ಕುಣಿದು ಹೆಸರಾಗಿದ್ದ ಈ ಮನುಷ್ಯ ಇಪ್ಪತ್ತರ ಹರೆಯ ಮುಗಿಯುವ ಹೊತ್ತಿಗೆ ಭಾರತಕ್ಕೆ ಬಂದರು. ಕಾಶಿಯಲ್ಲಿ ಒಂದು ಕಡೆ ಚಿತೆ, ಪಕ್ಕದಲ್ಲೇ ಸ್ನಾನ, ವ್ಯಾಪಾರ. ಅದು ಅವರ ತಲೆಯಿಂದ ಹೋಗಲಿಲ್ಲ. ಊರಿಗೆ ಮರಳಿ ಸಾವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಹಾಗೆ ಓದಿದ್ದರಲ್ಲಿ ಆವೊಕಿಯ ಪುಸ್ತಕವೂ ಒಂದು. ಇದನ್ನು ಸಿನಿಮಾ ಮಾಡಬೇಕು ಎಂಬ ಆಸೆ ಆಗ ಹುಟ್ಟಿದ್ದು. ತೆರೆಗೆ ಬಂದದ್ದು 2008ರಲ್ಲಿ.

ಅಷ್ಟು ತಡವಾಗಲು ಕಾರಣವೂ ಅದೇ ಮೈಲಿಗೆ. ಹೆಣದ ಕಥೆಗೆ ದುಡ್ಡು ಹಾಕುವವರು ಸುಲಭವಾಗಿ ಸಿಗಲಿಲ್ಲ. ನಿರ್ದೇಶಕ ಯೊಜಿರೊ ತಾಕಿತಾ ಕೂಡ ತೊಯಾಮಾದವರೇ. ಆದರೂ ಚಿತ್ರೀಕರಣ ನಡೆದದ್ದು ಯಮಗಾತಾ ಪ್ರಾಂತ್ಯದ ಸಕಾತಾ ಸುತ್ತಮುತ್ತ. ಈ ಕಸುಬಿನವರ ಸಂಘದ ಒಂದು ಶಾಖೆ ಆ ಊರಿನಲ್ಲಿತ್ತು. ಸುಮಾರು 80 ಜನರ ತಂಡಕ್ಕೆ ಜಾಗ ಹುಡುಕಿಕೊಡಲು ಊರವರೇ ಒಂದು ಸಂಸ್ಥೆ ಕಟ್ಟಿಕೊಂಡರು. ಕಟ್ಟಡದ ಮಾಲೀಕರು ಮೊದಲು ‘ಸಿನಿಮಾನಾ, ಬನ್ನಿ’ ಅನ್ನುವವರು. ಶವಸಂಸ್ಕಾರದ ದೃಶ್ಯ ಅಂತ ಗೊತ್ತಾದ ಕೂಡಲೇ ಅವರ ಉತ್ಸಾಹ ಇಳಿಯುತ್ತಿತ್ತು. ಒಪ್ಪಿದವರೂ ವ್ಯಾಪಾರದ ಹೊತ್ತು ಮುಗಿದ ಮೇಲೆ ಬನ್ನಿ ಅಂದರು. ತೆರೆಯ ಮೇಲೆ ನಾಯಕನಿಗೆ ಆದದ್ದೇ ತೆರೆಯ ಹಿಂದೆ ತಂಡಕ್ಕೂ ಆಯಿತು. ನಮ್ಮ ಊರುಗಳಲ್ಲಾದರೂ ಕಲ್ಯಾಣಮಂಟಪದವರು ಹೆಣದ ಸೀನಿಗೆ ಜಾಗ ಕೊಡುತ್ತಾರಾ, ನೀವೇ ಹೇಳಿ.

ಸಿನಿಮಾದಲ್ಲಿ ಆಫೀಸಾಗಿ ಕಾಣುವುದು ಬಾಗಿಲು ಹಾಕಿದ್ದ ಒಂದು ಹಳೆಯ ಹೋಟೆಲು. ಮುಖ್ಯ ಚಿತ್ರೀಕರಣ ಏಪ್ರಿಲಿನಲ್ಲಿ ಶುರುವಾಗಿ 40 ದಿನ ನಡೆಯಿತು. ಹಿಮದ ದೃಶ್ಯಗಳನ್ನು ಅದಕ್ಕೂ ಮೊದಲೇ ತೆಗೆದಿಟ್ಟುಕೊಂಡಿದ್ದರು. ಮುಂದಿನದು ನಿಮಗೂ ಗೊತ್ತು. 2009ರ ಫೆಬ್ರವರಿಯಲ್ಲಿ ಪರಭಾಷಾ ಚಿತ್ರಕ್ಕಿರುವ ಆಸ್ಕರ್ ಬಂತು. ಆಮೇಲೆ ಅದೇ ಕಟ್ಟಡಗಳನ್ನು ನೋಡಲು ಪ್ರವಾಸಿಗರು ಬರತೊಡಗಿದರು.

ಒಬ್ಬರು ಮಾತ್ರ ಈ ಸಂಭ್ರಮದಿಂದ ದೂರ ಉಳಿದರು, ಅದೂ ಆವೊಕಿ. ಚಿತ್ರಕಥೆ ಓದಿ ‘ಮೂಲ ಕೃತಿ’ ಅಂತ ನನ್ನ ಪುಸ್ತಕದ ಹೆಸರು ಹಾಕಬೇಡಿ ಅಂದರು. ಕಥೆ ಅವರ ಊರಿನಿಂದ ಬೇರೆ ಊರಿಗೆ ಹೋಗಿತ್ತು, ಕೊನೆಯೂ ಬದಲಾಗಿತ್ತು. ಅದಕ್ಕಿಂತ ಜಾಸ್ತಿ ಅವರನ್ನು ಕಾಡಿದ್ದು ಇನ್ನೊಂದು. ಪುಸ್ತಕದಲ್ಲಿ ಹೆಣ ತೊಳೆಯುತ್ತ ತೊಳೆಯುತ್ತ ಅವರು ಬೌದ್ಧ ಚಿಂತನೆಯತ್ತ ಹೊರಳುತ್ತಾರೆ, ಸಾವಿನ ಆಚೆ ಏನು ಎಂದು ಕೇಳಿಕೊಳ್ಳುತ್ತಾರೆ. ಸಿನಿಮಾ ಅದನ್ನು ಬಿಟ್ಟು ಅಪ್ಪ-ಮಗ, ಗಂಡ-ಹೆಂಡತಿ ಸಂಬಂಧದಲ್ಲಿ ನಿಂತುಬಿಡುತ್ತದೆ. ನನ್ನ ಮನಸ್ಸು ಆವೊಕಿ ಕಡೆಗೇ ವಾಲುತ್ತದೆ. ಸಿನಿಮಾದ ಕೊನೆಯ ಅರ್ಧ ಗಂಟೆ ಸ್ವಲ್ಪ ಬೇಕಂತಲೇ ಅಳಿಸುತ್ತದೆ ಅಂತ ನನಗೆ ಮೊದಲಿನಿಂದಲೂ ಅನ್ನಿಸಿದೆ. ಆದರೆ ಆ ಧರ್ಮಚಿಂತನೆಯನ್ನೆಲ್ಲ ಇಟ್ಟುಕೊಂಡಿದ್ದರೆ ಈ ಸಿನಿಮಾ ಸಾಗರದ ತನಕ ಬರುತ್ತಿತ್ತಾ, ಅದೂ ಅನುಮಾನವೇ. ಪುಸ್ತಕದ ಇಂಗ್ಲಿಷ್ ಅನುವಾದ ‘ಕಾಫಿನ್‌ಮ್ಯಾನ್’ ಹೆಸರಿನಲ್ಲಿದೆ. ಓದಿ, ಜಗಳ ಆಡೋಣ.

ನಿಮ್ಮ ಕಾಗದದ ಅಂಚಿನಲ್ಲಿ ಒಂದು ಸಾಲು ಗೀಚಿ ಹೊಡೆದುಹಾಕಿದ್ದೀರಿ. ನಿಮ್ಮ ಕೇರಿಯಲ್ಲಿ ಯಾರು ಸತ್ತರೂ ಚಟ್ಟ ಕಟ್ಟಲು ಕರೆಯುತ್ತಿದ್ದ ಒಬ್ಬರ ಬಗ್ಗೆ. ಮದುವೆಗೆ ಮಾತ್ರ ಅವರನ್ನು ಕರೆಯುತ್ತಿರಲಿಲ್ಲ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಅದನ್ನು ಪೂರ್ತಿ ಬರೆದು ಕಳಿಸಿ, ಮೇಷ್ಟ್ರೇ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಬಿಟ್ಟಿದ್ದೇನೆ. ತಿಂಗಳ ಹತ್ತನೇ ತಾರೀಕಿನ ಒಳಗೆ ಕೈ ಸೇರಿದರೆ ಸಾಕು.

– ಸಂಪಾದಕ