ಮೂತ್ರ ಸೋರಿಕೆಯ ಪ್ರಶ್ನಾವಳಿಯಲ್ಲಿ ಮೂರು ಅಂಕ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಸಲಹಾರ್ಥಿ ಐವತ್ತು ದಾಟಿದ, ಉದ್ಯೋಗದಲ್ಲಿರುವ ವಿವಾಹಿತ ಮಹಿಳೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಕೆಲವು ತಿಂಗಳಿನಿಂದ ಅವರು ಮಂಕಾಗಿದ್ದರು, ಸಮಾರಂಭಗಳನ್ನು ತಪ್ಪಿಸುತ್ತಿದ್ದರು, ಬಂಧುಗಳ ಮನೆಯಲ್ಲಿ ರಾತ್ರಿ ಉಳಿಯಲು ಒಪ್ಪುತ್ತಿರಲಿಲ್ಲ. ಅವರನ್ನು ನನ್ನ ಬಳಿಗೆ ಕಳುಹಿಸಿದ ವೈದ್ಯರ ಪತ್ರದಲ್ಲಿ ಮನಸ್ಸಿನ ಸ್ಥಿತಿಯ ಬಗ್ಗೆ ಕಾಳಜಿ ಇತ್ತು. ಅದರ ಜೊತೆಗೆ, ಮೂತ್ರ ಸೋರಿಕೆಯ ದೂರು ಇದ್ದರೂ ಪ್ರಶ್ನಾವಳಿಯ ಪ್ರಕಾರ ಅದು ಅಲ್ಪ ಪ್ರಮಾಣದ್ದು, ಆದ್ದರಿಂದ ಖಿನ್ನತೆಗೆ ಬೇರೆ ಕಾರಣವಿರಬಹುದು ಎಂಬ ಒಂದು ಸಾಲೂ ಇತ್ತು. ನನ್ನ ಕೆಲಸ ಆರಂಭವಾದದ್ದು ಈ ಸಾಲಿನಿಂದಲೇ.

ಅವರು ತುಂಬಿದ್ದ ಪತ್ರ ಐಸಿಐಕ್ಯು ಕಿರು ಪ್ರಶ್ನಾವಳಿ. 2004ರಲ್ಲಿ ಪ್ರಕಟವಾದ ಇದು ಇಂದು ಮೂತ್ರ ಸೋರಿಕೆಯನ್ನು ಅಳೆಯಲು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲೊಂದು. ಕಳೆದ ನಾಲ್ಕು ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಬೇಕು. ಎಷ್ಟು ಸಲ ಸೋರುತ್ತದೆ ಎಂಬುದಕ್ಕೆ 0ಯಿಂದ 5, ಎಷ್ಟು ಪ್ರಮಾಣದಲ್ಲಿ ಸೋರುತ್ತದೆ ಎಂಬುದಕ್ಕೆ 0, 2, 4 ಅಥವಾ 6, ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂಬುದಕ್ಕೆ 0ಯಿಂದ 10, ಹೀಗೆ ಒಟ್ಟು 21 ಅಂಕ. ಐದರವರೆಗೆ ಅಲ್ಪ, ಆರರಿಂದ ಹನ್ನೆರಡು ಮಧ್ಯಮ, ಹದಿಮೂರರಿಂದ ಹದಿನೆಂಟು ತೀವ್ರ, ಅದಕ್ಕೂ ಮೇಲೆ ಅತಿ ತೀವ್ರ ಎಂದು ಓದುವ ರೂಢಿಯಿದೆ. ಸಲಹಾರ್ಥಿ ವಾರಕ್ಕೊಮ್ಮೆ ಎಂದು ಒಂದು ಅಂಕವನ್ನೂ, ಸ್ವಲ್ಪ ಪ್ರಮಾಣ ಎಂದು ಎರಡು ಅಂಕವನ್ನೂ, ಅಡ್ಡಿಯ ಪ್ರಶ್ನೆಗೆ ಸೊನ್ನೆಯನ್ನೂ ಗುರುತಿಸಿದ್ದರು. ಒಟ್ಟು ಮೂರು.

ಸೋರಿಕೆಯಿಂದ ಯಾವ ಅಡ್ಡಿಯೂ ಇಲ್ಲ ಎಂದು ಬರೆದ ವ್ಯಕ್ತಿ ಮನೆಯಿಂದ ಹೊರಗೆ ಕಾಲಿಡುವ ಮುನ್ನ ಹೋಗುವ ಜಾಗದಲ್ಲಿ ಶೌಚಾಲಯ ಎಲ್ಲಿದೆ ಎಂದು ವಿಚಾರಿಸುತ್ತಿದ್ದಾರೆಂದರೆ, ಆ ಸೊನ್ನೆಯನ್ನು ಹೇಗೆ ಓದಬೇಕು? ಅವರು ಸುಳ್ಳು ಬರೆದಿರಲಿಲ್ಲ. ಮೊದಲ ಭೇಟಿಯಲ್ಲಿ ನಾನು ಅಂಕದ ಮಾತೇ ಎತ್ತದೆ, ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಳುವಂತೆ ಕೇಳಿದೆ. ಕೆಲಸಕ್ಕೆ ಹೊರಡುವ ಮುನ್ನ ಅವರು ನೀರು ಕುಡಿಯುವುದಿಲ್ಲ. ಗಂಟೆಗೊಮ್ಮೆ, ಮೂತ್ರದ ಒತ್ತಡ ಬರಲಿ ಬಾರದಿರಲಿ, ಹೋಗಿ ಬರುತ್ತಾರೆ. ಯಾವಾಗಲೂ ಪ್ಯಾಡ್ ಧರಿಸುತ್ತಾರೆ, ಗಾಢ ಬಣ್ಣದ ಬಟ್ಟೆಯನ್ನೇ ಉಡುತ್ತಾರೆ. ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಜೋರಾಗಿ ನಗುವವರ ಜೊತೆ ಕೂರುವುದನ್ನೇ ಬಿಟ್ಟಿದ್ದಾರೆ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ, “ಹೀಗೆ ಮಾಡಿದರೆ ಏನೂ ತೊಂದರೆಯಿಲ್ಲ ಮೇಡಂ, ನಾನು ಸಂಭಾಳಿಸಿಕೊಂಡಿದ್ದೇನೆ” ಎಂದರು.

ಅಡ್ಡಿಯ ಸೊನ್ನೆಗೆ ಅರ್ಥ ಸಿಕ್ಕಿದ್ದು ಅಲ್ಲಿ. ಅಡ್ಡಿಯಾಗಬಹುದಾದ ಎಲ್ಲವನ್ನೂ ಬದುಕಿನಿಂದ ಒಂದೊಂದಾಗಿ ತೆಗೆದುಹಾಕಿದವರಿಗೆ ಕಳೆದ ನಾಲ್ಕು ವಾರಗಳಲ್ಲಿ ಅಡ್ಡಿ ಕಾಣುವುದಿಲ್ಲ. ಪ್ರಶ್ನಾವಳಿ ಕೇಳುವುದು ಈಗ ನಡೆಸುತ್ತಿರುವ ಬದುಕಿಗೆ ಎಷ್ಟು ತೊಂದರೆ ಎಂದು, ಬಿಟ್ಟುಕೊಟ್ಟ ಬದುಕು ಎಷ್ಟು ದೊಡ್ಡದಿತ್ತು ಎಂದಲ್ಲ. ಸಾಧನದ ದೋಷವೆಂದು ನಾನು ಇದನ್ನು ಹೇಳುತ್ತಿಲ್ಲ. ನಾಲ್ಕೇ ಪ್ರಶ್ನೆಗಳಿಂದ ಅದು ಕೊಡುವ ಮಾಹಿತಿ ಅಪಾರ. ಆದರೆ ಕಡಿಮೆ ಅಂಕ ಕಂಡಾಗ, ಅದು ಕಡಿಮೆ ಸೋರಿಕೆಯೋ ಅಥವಾ ಹೆಚ್ಚು ತ್ಯಾಗವೋ ಎಂದು ವಿಚಾರಿಸುವ ಹೊಣೆ ಪತ್ರವನ್ನು ಕೈಗೆತ್ತಿಕೊಂಡವರದ್ದು.

ಉಳಿದ ಎರಡು ಉತ್ತರಗಳಿಗೂ ಹಿನ್ನೆಲೆಯಿತ್ತು. ಪ್ಯಾಡ್ ದಾಟಿ ಬಟ್ಟೆ ಒದ್ದೆಯಾದದ್ದನ್ನು ಮಾತ್ರ ಅವರು ಸೋರಿಕೆ ಎಂದು ಎಣಿಸಿದ್ದರು. ಪ್ಯಾಡಿನಲ್ಲೇ ಇಂಗಿದ್ದು ಅವರ ಲೆಕ್ಕದಲ್ಲಿರಲಿಲ್ಲ. ಪ್ರಮಾಣದ ಪ್ರಶ್ನೆಯಲ್ಲಿ ಪ್ಯಾಡ್ ಧರಿಸಿದ್ದರೂ ಧರಿಸದಿದ್ದರೂ ಎಂಬ ಮಾತು ಸ್ಪಷ್ಟವಾಗಿಯೇ ಇದೆ, ಆದರೆ ಅವಸರದಲ್ಲಿ ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ. ಇನ್ನೊಂದು ಸಂಗತಿ ನಿಧಾನವಾಗಿ ಹೊರಬಂತು. ಪತ್ರವನ್ನು ಅವರು ತುಂಬಿದ್ದು ಕಾಯುವ ಕೊಠಡಿಯಲ್ಲಿ, ಮಗಳ ಪಕ್ಕದಲ್ಲಿ ಕುಳಿತು. ಕನ್ನಡಕ ತಂದಿರಲಿಲ್ಲವಾದ್ದರಿಂದ ಮಗಳೇ ಪ್ರಶ್ನೆಗಳನ್ನು ಓದಿ, ಅಮ್ಮ ಹೇಳಿದ ಉತ್ತರಗಳಿಗೆ ಗುರುತು ಹಾಕಿದ್ದಳು. ಮಗಳ ಕಾಳಜಿ ನಿಜವಾದದ್ದು. ಆದರೂ ಮಕ್ಕಳ ಮುಂದೆ ತಾನು ಗಟ್ಟಿಯಾಗಿದ್ದೇನೆ ಎಂದು ತೋರಿಸಿಕೊಳ್ಳುವ ತಾಯಿಯಿಂದ ಅಲ್ಲಿ ಬೇರೆ ಉತ್ತರ ಬರುವುದು ಸಾಧ್ಯವಿರಲಿಲ್ಲ.

ಇಂತಹ ಸಂದರ್ಭದಲ್ಲಿ ಉತ್ತರ ಹೇಳಿಕೊಡುವ ಆಸೆ ಸಲಹೆಗಾರರಿಗೆ ಸಹಜವಾಗಿಯೇ ಬರುತ್ತದೆ. “ನಿಮಗೆ ಇದು ಖಂಡಿತ ಏಳೋ ಎಂಟೋ ಆಗಬೇಕು” ಎಂದು ನಾವು ಹೇಳಿಬಿಟ್ಟರೆ ಆ ಅಂಕ ನಮ್ಮದಾಗುತ್ತದೆಯೇ ಹೊರತು ಅವರದಲ್ಲ, ಮುಂದೆ ಚಿಕಿತ್ಸೆಯ ಫಲವನ್ನು ಅದರೊಡನೆ ಹೋಲಿಸುವುದಕ್ಕೂ ಅರ್ಥವಿರುವುದಿಲ್ಲ. ಆದ್ದರಿಂದ ನಾನು ಮೂರೇ ಮಾತು ಹೇಳಿ ಹೊಸ ಪತ್ರ ಕೊಟ್ಟೆ: ಪ್ಯಾಡಿನಲ್ಲಿ ಇಂಗಿದ್ದೂ ಸೋರಿಕೆಯೇ, ಇದರಲ್ಲಿ ಸರಿ ತಪ್ಪು ಉತ್ತರಗಳಿಲ್ಲ, ಸೋರಿಕೆಗೆ ಹೆದರಿ ಕೈಬಿಟ್ಟ ಕೆಲಸವನ್ನೂ ಅಡ್ಡಿಯೆಂದೇ ಎಣಿಸಬಹುದು. ಕೊಠಡಿಯಲ್ಲಿ ಅವರೊಬ್ಬರನ್ನೇ ಬಿಟ್ಟು ಹೊರಗೆ ಕುಳಿತೆ. ಈ ಸಲ ದಿನಕ್ಕೆ ಹಲವು ಬಾರಿ ಎಂದು ನಾಲ್ಕು, ಮಧ್ಯಮ ಪ್ರಮಾಣ ಎಂದು ನಾಲ್ಕು, ಅಡ್ಡಿಗೆ ಏಳು, ಒಟ್ಟು ಹದಿನೈದು ಅಂಕ ಬಂತು. ಹಳೆಯ ಪತ್ರವನ್ನು ಹರಿದುಹಾಕದೆ, ಎರಡನ್ನೂ ದಿನಾಂಕ ಸಮೇತ, ಯಾವ ವಿವರಣೆಯ ನಂತರ ಎರಡನೆಯದನ್ನು ತುಂಬಲಾಯಿತೆಂಬ ಟಿಪ್ಪಣಿಯೊಡನೆ ಕಡತದಲ್ಲಿ ಇರಿಸಿದೆ.

ಅದೇ ಪ್ರಶ್ನಾವಳಿಯ ಕೊನೆಯ ಪ್ರಶ್ನೆಗೆ ಅಂಕವೇ ಇಲ್ಲ, ಆದ್ದರಿಂದ ಅದನ್ನು ಅನೇಕರು ದಾಟಿಕೊಂಡು ಹೋಗುತ್ತಾರೆ. ಯಾವಾಗ ಸೋರುತ್ತದೆ ಎಂದು ಅದು ಕೇಳುತ್ತದೆ: ಶೌಚಾಲಯ ತಲುಪುವ ಮುನ್ನವೋ, ಕೆಮ್ಮಿದಾಗ ಸೀನಿದಾಗಲೋ, ನಿದ್ದೆಯಲ್ಲೋ, ದೈಹಿಕ ಶ್ರಮದ ಹೊತ್ತಿನಲ್ಲೋ, ಮೂತ್ರ ಮಾಡಿ ಬಟ್ಟೆ ಸರಿಪಡಿಸಿಕೊಂಡ ಮೇಲೋ, ಕಾರಣವೇ ಇಲ್ಲದೆಯೋ, ಸದಾಕಾಲವೋ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಅತ್ಯಂತ ಬೆಲೆಯುಳ್ಳ ಪ್ರಶ್ನೆ ಇದೇ, ಏಕೆಂದರೆ ಚಿಕಿತ್ಸೆಯ ದಾರಿಯನ್ನು ತೋರಿಸುವುದು ಅಂಕವಲ್ಲ, ಸೋರಿಕೆಯ ಸಂದರ್ಭ. ಕೆಮ್ಮು ಸೀನುಗಳ ಒತ್ತಡಕ್ಕೆ ಸೋರುವುದು ಒಂದು ಬಗೆ, ತಡೆಯಲಾರದ ಅವಸರ ಹುಟ್ಟಿ ದಾರಿಯಲ್ಲೇ ಸೋರುವುದು ಇನ್ನೊಂದು ಬಗೆ. ಸಲಹಾರ್ಥಿ ಎರಡಕ್ಕೂ ಗುರುತು ಹಾಕಿದ್ದರು, ಅಂದರೆ ಮಿಶ್ರ ರೀತಿಯದು. ಇದರಿಂದ ರೋಗನಿರ್ಣಯವಾಗುವುದಿಲ್ಲ, ವೈದ್ಯರ ಪರೀಕ್ಷೆಗೆ ದಿಕ್ಕು ಸಿಗುತ್ತದೆ, ಅಷ್ಟೇ.

ಅವರ ಕಡತದಲ್ಲಿ ಪಿಎಫ್‌ಡಿಐ-20 ಎಂಬ ಮತ್ತೊಂದು ಪತ್ರವೂ ಇತ್ತು. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಸಡಿಲವಾದಾಗ ತೊಂದರೆ ಮೂತ್ರಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲವಾದ್ದರಿಂದ, ಈ ಪ್ರಶ್ನಾವಳಿ ಅಂಗ ಜಾರುವಿಕೆಯ ಬಗ್ಗೆ ಆರು, ಮಲ ಮತ್ತು ವಾಯುವಿನ ಬಗ್ಗೆ ಎಂಟು, ಮೂತ್ರದ ಬಗ್ಗೆ ಆರು ಪ್ರಶ್ನೆಗಳನ್ನು ಕೇಳುತ್ತದೆ. ಪ್ರತಿ ಭಾಗಕ್ಕೆ ನೂರು, ಒಟ್ಟು ಮುನ್ನೂರು ಅಂಕ. ಇಲ್ಲಿ ನೆನಪಿಸಿಕೊಳ್ಳಬೇಕಾದದ್ದು ಕಳೆದ ಮೂರು ತಿಂಗಳು. ಮಲದ ಭಾಗದಲ್ಲಿ ಸಲಹಾರ್ಥಿ ಮೂರು ಪ್ರಶ್ನೆಗಳಿಗೆ ಇಲ್ಲ ಎಂದು ಬರೆದು ಉಳಿದ ಐದನ್ನು ಖಾಲಿ ಬಿಟ್ಟಿದ್ದರು. ಉತ್ತರಿಸಿದ ಪ್ರಶ್ನೆಗಳ ಸರಾಸರಿಯನ್ನು ಇಪ್ಪತ್ತೈದರಿಂದ ಗುಣಿಸಿ ಭಾಗದ ಅಂಕ ತೆಗೆಯುವ ಪದ್ಧತಿಯಿರುವುದರಿಂದ ಖಾಲಿ ಜಾಗಗಳು ಲೆಕ್ಕದಲ್ಲಿ ಮಾಯವಾಗಿ, ಆ ಭಾಗದ ಅಂಕ ಸೊನ್ನೆ ಎಂದು ನಮೂದಾಗಿತ್ತು. ಖಾಲಿ ಉಳಿದದ್ದು ಯಾವುದೆಂದು ನೋಡಿದರೆ, ತಡೆಯಲಾಗದೆ ವಾಯು ಹೋಗುವುದು, ಮಲ ತೆಳುವಾದಾಗ ಸೋರುವುದು ಮುಂತಾದವು. ಮೂತ್ರದ ಮಾತನ್ನು ಹೇಗೋ ಆಡುವವರೂ ಮಲದ ಮಾತು ಬಂದಾಗ ಮೌನವಾಗುತ್ತಾರೆ. ಆದ್ದರಿಂದ ಯಾವುದೇ ಪತ್ರ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಖಾಲಿ ಜಾಗಗಳನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆ ಐದರ ಬಗ್ಗೆ ನಾನು ಒಂದೇ ಸಲ ಕೇಳಿದೆ, ಹೀಗೆ: “ಪೆಲ್ವಿಕ್ ಫ್ಲೋರ್ ತೊಂದರೆ ಇರುವ ಅನೇಕರಿಗೆ ವಾಯು ಅಥವಾ ಮಲದ ಮೇಲೂ ಹಿಡಿತ ತಪ್ಪುತ್ತದೆ. ನಿಮಗೂ ಹಾಗಾಗಿದ್ದರೆ ಈಗ ಹೇಳಬಹುದು, ನಂತರ ಬರೆದೂ ಕೊಡಬಹುದು, ಇಲ್ಲವೆಂದರೂ ಸರಿ.” ಅವರು ಬರೆದು ಕೊಡುವುದನ್ನು ಆರಿಸಿಕೊಂಡರು. ಮುಂದಿನ ಭೇಟಿಗೆ ತಂದ ಪತ್ರದಲ್ಲಿ ವಾಯುವಿನ ಪ್ರಶ್ನೆಗೂ ಮಲಬದ್ಧತೆಗೆ ಸಂಬಂಧಿಸಿದ ಎರಡು ಪ್ರಶ್ನೆಗಳಿಗೂ ಹೌದು ಎಂದಿತ್ತು.

ದಾಂಪತ್ಯದ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅವರು ಅನ್ವಯಿಸುವುದಿಲ್ಲ ಎಂದು ಬರೆದಿದ್ದರು. ಪೆಲ್ವಿಕ್ ಫ್ಲೋರ್ ತೊಂದರೆಯಿರುವವರ ಲೈಂಗಿಕ ಬದುಕನ್ನು ಅಳೆಯುವ ಹಿಂದಿನ ಪಿಐಎಸ್‌ಕ್ಯು-12 ಪ್ರಶ್ನಾವಳಿಯನ್ನು ರೂಪಿಸಿದ್ದು ಲೈಂಗಿಕವಾಗಿ ಸಕ್ರಿಯರಾಗಿರುವ ಮಹಿಳೆಯರಿಗಾಗಿ; ಸೋರಿಕೆಯ ಭಯದಿಂದಲೇ ದೂರವಾದವರು ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಪಿಐಎಸ್‌ಕ್ಯು-ಐಆರ್ ಆವೃತ್ತಿ ಸಕ್ರಿಯರಲ್ಲದವರನ್ನೂ ಒಳಗೊಂಡು, ಅದಕ್ಕೆ ಕಾರಣವೇನೆಂದೂ ಕೇಳುತ್ತದೆ. ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಮಲಗಿದಾಗ ಹಾಸಿಗೆ ಒದ್ದೆಯಾದೀತೆಂಬ ಹೆದರಿಕೆಯಿಂದ ಅವರು ಬೇರೆ ಕೋಣೆಗೆ ಹೋಗಿದ್ದರು, ಪತಿಗೆ ಬೆನ್ನುನೋವು ಎಂದು ಹೇಳಿದ್ದರು. ಪತಿ ಅದನ್ನು ನಂಬಿ ಸುಮ್ಮನಾಗಿದ್ದರು.

ಇನ್ನು ನೀಡಿದ ಸಲಹೆಯ ವಿಷಯ. ಮೊದಲನೆಯದಾಗಿ, ಎರಡೂ ಅಂಕಗಳನ್ನು ವಿವರಿಸಿ ವೈದ್ಯರಿಗೆ ಪತ್ರ ಬರೆದೆ. ಮೂತ್ರ ಪರೀಕ್ಷೆ ಮಾಡಿಸಿ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದೂ ದೈಹಿಕ ಪರೀಕ್ಷೆಯೂ ಆಗಬೇಕೆಂದು ಸಲಹಾರ್ಥಿಗೆ ತಿಳಿಸಿದೆ. ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟಿಕೊಳ್ಳುವುದು, ಯೋನಿಯಿಂದ ಗಂಟಿನಂತೆ ಏನೋ ಹೊರಬರುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಪ್ರಶ್ನಾವಳಿಗೂ ಆಪ್ತಸಲಹೆಗೂ ಕಾಯದೆ ವೈದ್ಯರ ಬಳಿ ಹೋಗಬೇಕು. ಮರಗಟ್ಟುವಿಕೆಯ ಜೊತೆಗೆ ಮೂತ್ರ ಕಟ್ಟಿದರೆ ಅದು ತುರ್ತು ಸ್ಥಿತಿ. ಅವರಿಗೆ ಇವು ಯಾವುವೂ ಇರಲಿಲ್ಲ.

ಎರಡನೆಯದಾಗಿ, ಮೂರು ದಿನದ ಮೂತ್ರ ದಿನಚರಿ ಬರೆಯಲು ಹೇಳಿದೆ, ಕೆಲಸದ ದಿನವೂ ರಜಾದಿನವೂ ಅದರಲ್ಲಿ ಸೇರುವಂತೆ. ನೆನಪಿನಿಂದ ತುಂಬುವ ಪ್ರಶ್ನಾವಳಿಗೆ ಆ ಕ್ಷಣದಲ್ಲೇ ಬರೆಯುವ ದಿನಚರಿ ಪೂರಕವಾಗುತ್ತದೆ: ಕುಡಿದದ್ದೆಷ್ಟು, ಹೋದದ್ದೆಷ್ಟು ಸಲ, ಅಳತೆಯ ಪಾತ್ರೆಯಲ್ಲಿ ಎಷ್ಟು ಮಿಲಿಲೀಟರ್, ಸೋರಿದಾಗ ಏನು ಮಾಡುತ್ತಿದ್ದರು. ದಿನಕ್ಕೆ ಹದಿನಾಲ್ಕು ಸಲ ಹೋಗುತ್ತಿದ್ದರೂ ಪ್ರತಿ ಸಲ ನೂರು ಮಿಲಿಲೀಟರ್‌ಗಿಂತ ಹೆಚ್ಚು ಇರುತ್ತಿರಲಿಲ್ಲ. ಮುನ್ನೆಚ್ಚರಿಕೆಗೆಂದು ಗಂಟೆಗೊಮ್ಮೆ ಹೋಗುವ ಅಭ್ಯಾಸ ಮೂತ್ರಕೋಶಕ್ಕೆ ಸ್ವಲ್ಪ ತುಂಬಿದ ಕೂಡಲೇ ಅವಸರಪಡುವುದನ್ನು ಕಲಿಸಿಬಿಡುತ್ತದೆ ಎಂದು ವಿವರಿಸಿದಾಗ, ತಮ್ಮ ಸಂಭಾಳಿಕೆಯೇ ತೊಂದರೆಯನ್ನು ಪೋಷಿಸುತ್ತಿತ್ತೆಂದು ಅವರಿಗೆ ಮೊದಲ ಬಾರಿ ಅರಿವಾಯಿತು. ನೀರನ್ನು ಬಿಡುವ ಬದಲು ದಿನವಿಡೀ ಹಂಚಿಕೊಂಡು ಕುಡಿಯಬೇಕು, ಮಲಗುವ ಮುನ್ನ ಕಡಿಮೆ ಮಾಡಬೇಕು, ಕೆಫೀನ್ ಇರುವ ಪಾನೀಯಗಳನ್ನು ಇಳಿಸಿ ನೋಡಬೇಕು ಎಂದೂ, ಮಲಬದ್ಧತೆಗೆ ಚಿಕಿತ್ಸೆ ತಪ್ಪಿಸಬಾರದೆಂದೂ ಹೇಳಿದೆ.

ಮೂರನೆಯದು ವ್ಯಾಯಾಮ. ಅವರು ಎಲ್ಲೋ ಓದಿ ಆರಂಭಿಸಿ, ಫಲ ಕಾಣದೆ ಬಿಟ್ಟಿದ್ದರು. ಪೆಲ್ವಿಕ್ ಫ್ಲೋರ್ ವ್ಯಾಯಾಮವನ್ನು ಬಾಯಿಮಾತಿನ ಸೂಚನೆಯಿಂದ ಮಾತ್ರ ಕಲಿತರೆ ಬಹಳ ಜನ ಸ್ನಾಯುವನ್ನು ಮೇಲಕ್ಕೆ ಎಳೆದುಕೊಳ್ಳುವ ಬದಲು ಉಸಿರು ಹಿಡಿದು ಕೆಳಕ್ಕೆ ತಳ್ಳುತ್ತಾರೆ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಪರೀಕ್ಷಿಸಿದಾಗ ಅವರ ವಿಷಯದಲ್ಲೂ ಹಾಗೆಯೇ ಆಗಿತ್ತು. ಒಂದು ಸುತ್ತಿಗೆ ಕನಿಷ್ಠ ಎಂಟು ಬಾರಿ, ದಿನಕ್ಕೆ ಮೂರು ಸುತ್ತು, ಕನಿಷ್ಠ ಮೂರು ತಿಂಗಳು, ಮೇಲ್ವಿಚಾರಣೆಯಲ್ಲಿ ಮಾಡುವುದು ಅಂಗೀಕೃತ ಮೊದಲ ಚಿಕಿತ್ಸೆ. ಅವಸರದ ಸೋರಿಕೆಗೆ ಇದರ ಜೊತೆ ಕನಿಷ್ಠ ಆರು ವಾರಗಳ ಮೂತ್ರಕೋಶ ತರಬೇತಿ, ಅಂದರೆ ಅವಸರ ಬಂದಾಗ ನಿಂತು, ಸ್ನಾಯು ಬಿಗಿಹಿಡಿದು, ಮೊದಲು ಐದು ನಿಮಿಷ, ನಂತರ ಹತ್ತು, ಹೀಗೆ ಅಂತರವನ್ನು ಹಿಗ್ಗಿಸುವುದು. ಕೆಮ್ಮು ಬರುವ ಮುನ್ನ ಸ್ನಾಯುವನ್ನು ಬಿಗಿಹಿಡಿಯುವ ಅಭ್ಯಾಸವನ್ನೂ ಅವರು ಕಲಿತರು.

ನನ್ನ ಪಾಲಿನ ಕೆಲಸ ಕೈಬಿಟ್ಟವುಗಳ ಪಟ್ಟಿ. ಸೋರಿಕೆಗೆ ಹೆದರಿ ಬಿಟ್ಟದ್ದನ್ನೆಲ್ಲ ಬರೆದು, ಅತಿ ಸುಲಭವಾದುದರಿಂದ ಒಂದೊಂದನ್ನೇ ಮರಳಿ ಹಿಡಿಯುವಂತೆ ಸೂಚಿಸಿದೆ. ಪತಿಗೆ ನಿಜ ಹೇಳಬೇಕೆಂದು ನಾನು ಒತ್ತಾಯಿಸಲಿಲ್ಲ. ಹೇಳುವುದಾದರೆ ಯಾವ ಮಾತಿನಿಂದ ಆರಂಭಿಸಬಹುದೆಂದು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. ಅವರು ಹೇಳಿದರು. ಪತಿ ಮುಂದಿನ ಭೇಟಿಗೆ ಜೊತೆಯಲ್ಲಿ ಬಂದು, ತಮ್ಮ ಮೇಲಿನ ಬೇಸರದಿಂದ ಆಕೆ ದೂರವಾದಳೆಂದುಕೊಂಡಿದ್ದೆ ಎಂದರು.

ಮೂರು ತಿಂಗಳ ನಂತರ ಅದೇ ಪ್ರಶ್ನಾವಳಿಯನ್ನು, ಅದೇ ರೀತಿ ಏಕಾಂತದಲ್ಲಿ, ಅವರು ಮತ್ತೆ ತುಂಬಿದರು. ವಾರಕ್ಕೆ ಎರಡು ಮೂರು ಸಲ ಎಂದು ಎರಡು, ಸ್ವಲ್ಪ ಪ್ರಮಾಣ ಎಂದು ಎರಡು, ಅಡ್ಡಿಗೆ ಐದು, ಒಟ್ಟು ಒಂಬತ್ತು. ಈ ಪ್ರಶ್ನಾವಳಿಯಲ್ಲಿ ಸುಮಾರು ಎರಡೂವರೆ ಅಂಕ ಇಳಿದರೂ ಅದು ರೋಗಿಗೆ ಅನುಭವಕ್ಕೆ ಬರುವ ವ್ಯತ್ಯಾಸವೆಂದು ಪರಿಗಣಿಸುವುದರಿಂದ, ಆರು ಅಂಕದ ಇಳಿಕೆ ಗಣನೀಯವಾದುದು. ಆದರೆ ಸೋರಿಕೆ ಅಷ್ಟು ತಗ್ಗಿದರೂ ಅಡ್ಡಿ ಐದರಲ್ಲೇ ನಿಂತಿರುವುದನ್ನು ನಾನು ಅವರಿಗೆ ತೋರಿಸಿದೆ. ದೇಹದ ಮೇಲಿನ ನಂಬಿಕೆ ಸ್ನಾಯುಗಳಷ್ಟು ಬೇಗ ಬಲಗೊಳ್ಳುವುದಿಲ್ಲ, ಆದ್ದರಿಂದ ಆಪ್ತಸಲಹೆಯನ್ನು ಮುಂದುವರಿಸಲು ಒಪ್ಪಿಕೊಂಡೆವು. ಅವರ ಪಟ್ಟಿಯಲ್ಲಿ ಉಳಿದಿರುವುದು ರಾತ್ರಿಯ ದೀರ್ಘ ಪ್ರಯಾಣವೊಂದೇ. ಪ್ರಶ್ನಾವಳಿ ಹಿಂದಿನ ನಾಲ್ಕು ವಾರಗಳನ್ನು ಮಾತ್ರ ನೋಡುತ್ತದೆಯಾದ್ದರಿಂದ, ಮುಂದಿನ ಪತ್ರವನ್ನು ಆ ಪ್ರಯಾಣ ಮುಗಿಸಿ ನಾಲ್ಕು ವಾರ ದಾಟುವುದರೊಳಗೆ ತುಂಬುವಂತೆಯೂ, ಪ್ರಯಾಣವನ್ನು ಮುಂದೂಡಿದರೆ ಅಡ್ಡಿಯ ಪ್ರಶ್ನೆಗೆ ಉತ್ತರಿಸುವಾಗ ಅದನ್ನೂ ಎಣಿಸುವಂತೆಯೂ ತಿಳಿಸಿ ಕಳುಹಿಸಿದ್ದೇನೆ.